ದುವ್ವಾಡದ ಒತ್ತಡ ನಿವಾರಣಾ ಕ್ಲಾಸು

ಕೊರೊನಾದ ಗಲಾಟೆ ಪೂರ್ತಿ ಅಡಗಿದ ಮರುವರ್ಷ, ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದ ನಾನು ನಿವೃತ್ತಳಾದೆ. ಹುಟ್ಟಿದ್ದು ಗದಗ, ನರ್ಸಿಂಗ್ ಕಲಿತದ್ದು ಹುಬ್ಬಳ್ಳಿ, ಮದುವೆಯಾದದ್ದು ತೆಲುಗಿನವರನ್ನು. ಹಾಗಾಗಿ ಮೂವತ್ತೈದು ವರ್ಷದಿಂದ ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯೇ ನನ್ನ ಊರು. ಎರಡು ತಿಂಗಳು ಮನೆಯಲ್ಲಿ ಕೂತು ಗಂಡನ ಜೊತೆ ಜಗಳಾಡಿ ಸಾಕಾಗಿತ್ತು. ಅಷ್ಟರಲ್ಲಿ ವಿಜಯವಾಡದ ಒಂದು ಆರೋಗ್ಯ ಸೇವಾ ಸಂಸ್ಥೆಯವರು ಫೋನ್ ಮಾಡಿದರು. ಕಾರ್ಖಾನೆಗಳಲ್ಲಿ ನರ್ಸ್‌ಗಳ ಮೂಲಕ ಒತ್ತಡ ನಿವಾರಣೆಯ ಕಾರ್ಯಕ್ರಮ ನಡೆಸುತ್ತಾರಂತೆ, ನಮ್ಮೂರಿಗೆ ಹತ್ತಿರದ ದುವ್ವಾಡದ ಕಡೆ ಒಂದು ಹೊಲಿಗೆ ಕಾರ್ಖಾನೆಯನ್ನು ನಾನು ನೋಡಿಕೊಳ್ಳಬೇಕಂತೆ. ಎರಡನೇ ಮಾತಿಲ್ಲದೆ ಒಪ್ಪಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನರ್ಸ್ ಆದವಳಿಗೆ ಮಲ, ಮೂತ್ರ, ವಾಂತಿ, ಕೀವು ಯಾವುದರ ಹೇಸಿಗೆಯೂ ಉಳಿಯುವುದಿಲ್ಲ. ಹುಣ್ಣು ತೊಳೆದು ಬಂದು, ಕೈ ತೊಳೆದುಕೊಂಡು, ಐದು ನಿಮಿಷದಲ್ಲಿ ಇಡ್ಲಿ ತಿಂದವಳು ನಾನು. ಅಂಥವಳಿಗೆ ವಾಕರಿಕೆ ಬರಿಸಿದ್ದು ಎ.ಸಿ. ಹಾಕಿದ, ಗೋಡೆಗೆ ಕಮಲದ ಹೂವಿನ ಚಿತ್ರ ಅಂಟಿಸಿದ ಒಂದು ಸ್ವಚ್ಛ ಕೋಣೆ. ಈಗಲೂ ಅದನ್ನು ನೆನೆದರೆ ಥೂ ಅನ್ನಿಸುತ್ತದೆ.

ಕಾರ್ಖಾನೆಯವರು ಆ ಕೋಣೆಯನ್ನು ವೆಲ್‌ನೆಸ್ ರೂಮ್ ಅನ್ನುತ್ತಿದ್ದರು. ಅದು ಇದ್ದದ್ದು ಆಫೀಸಿನ ಮಹಡಿಯಲ್ಲಿ, ಆಫೀಸಿನವರ ಬಾತ್‌ರೂಮಿನ ಪಕ್ಕ. ಒಂದು ಬ್ಯಾಚಿಗೆ ಹನ್ನೆರಡು ಹೆಂಗಸರು, ಒಬ್ಬೊಬ್ಬರಿಗೂ ವಾರಕ್ಕೆ ಮೂರು ಕ್ಲಾಸು, ಒಂದು ಕ್ಲಾಸು ಮುಕ್ಕಾಲು ಗಂಟೆ. ಬಂದ ಕೂಡಲೇ ಬಿಪಿ, ಅಂದರೆ ರಕ್ತದೊತ್ತಡ, ನೋಡಿ ಬರೆದುಕೊಳ್ಳುವುದು. ಆಮೇಲೆ ಕಣ್ಣು ಮುಚ್ಚಿಸಿ ನಿಧಾನವಾಗಿ ಉಸಿರಾಡಿಸುವುದು, ಕುತ್ತಿಗೆ ಹೆಗಲು ಸಡಿಲ ಮಾಡಿಸುವುದು, ಮನಸ್ಸಿನಲ್ಲಿದ್ದದ್ದನ್ನು ಮಾತಾಡಿಸುವುದು. ಕೊನೆಗೆ ಮತ್ತೊಮ್ಮೆ ಬಿಪಿ. ನನ್ನ ಜೊತೆಗೆ ಇನ್ನೊಬ್ಬ ಸಿಸ್ಟರ್ ಇದ್ದಳು. ಈ ವಿಧಾನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಹೃದಯದ ರೋಗಿಗಳಿಗೆ ಇದನ್ನೇ ಹೇಳಿಕೊಟ್ಟು ಒಳ್ಳೆಯದಾದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲ ವಾರದಿಂದಲೇ ನನ್ನ ಕ್ಲಾಸು ಜಾದೂ ಮಾಡಿತು. ಕ್ಲಾಸಿಗೆ ಬರುವಾಗ ೧೪೮ ಇದ್ದ ಬಿಪಿ ಹೋಗುವಾಗ ೧೩೨. ಒಬ್ಬಿಬ್ಬರದಲ್ಲ, ಹೆಚ್ಚುಕಡಿಮೆ ಎಲ್ಲರದೂ ಹಾಗೇ. ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್ ಶ್ರೀನಿಧಿ ಮೈಸೂರಿನವರು, ನಲವತ್ತರ ಆಸುಪಾಸು, ಬಹಳ ಮರ್ಯಾದೆಯ ಮನುಷ್ಯ. ಪ್ರತಿ ಶುಕ್ರವಾರ ನನ್ನ ಅಂಕಿಗಳನ್ನು ಗ್ರಾಫ್ ಮಾಡಿಸಿ, "ಮೇಡಂ, ನಿಮ್ಮ ಕೈಗುಣವೇ ಕೈಗುಣ" ಅನ್ನುತ್ತಿದ್ದರು. ಕನ್ನಡ ಕೇಳಿದ ಖುಷಿಯೋ, ಹೊಗಳಿಕೆಯ ಖುಷಿಯೋ, ನಾನು ಉಬ್ಬಿಹೋಗಿದ್ದೆ. ಒಂದೇ ಒಂದು ಕಿರಿಕಿರಿ ಇತ್ತು. ಉಸಿರಾಟ ನಡೆಯುವಾಗ ಹೆಂಗಸರು ಇಬ್ಬಿಬ್ಬರಾಗಿ ಮೆಲ್ಲಗೆ ಎದ್ದು ಹೊರಗೆ ಹೋಗಿ ಬರುತ್ತಿದ್ದರು. ಶಿಸ್ತಿಲ್ಲ ಎಂದು ನಾನು ಬೈದದ್ದೂ ಉಂಟು.

ಐದನೆಯ ವಾರ ಒಂದು ಸೋಮವಾರ ಬಿಪಿ ಇಳಿಯಲಿಲ್ಲ. ಮೂರು ಜನರದು ಏರಿಯೇ ಬಿಟ್ಟಿತ್ತು. ಮೆಷಿನ್ ಕೆಟ್ಟಿದೆ ಎಂದು ಬ್ಯಾಟರಿ ಬದಲಿಸಿದೆ, ಬ್ಯಾಗಿನಲ್ಲಿದ್ದ ನನ್ನ ಸ್ವಂತ ಬಿಪಿ ಉಪಕರಣ ತೆಗೆದು ಮತ್ತೆ ನೋಡಿದೆ. ಅದೇ ಅಂಕಿ. ನನ್ನ ಪರದಾಟ ನೋಡಿ ಪೈಡಮ್ಮ ಎಂಬವಳು ನಕ್ಕುಬಿಟ್ಟಳು. ಪೈಡಮ್ಮ ಕಾಲರ್ ಹೊಲಿಯುವವಳು, ಇಪ್ಪತ್ತೊಂಬತ್ತು ವರ್ಷ, ಎರಡು ಮಕ್ಕಳ ತಾಯಿ, ಬಾಯಿ ಜೋರು. ಅವಳು ತೆಲುಗಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ: "ಮೆಷಿನ್‌ದು ಏನೂ ತಪ್ಪಿಲ್ಲಮ್ಮಾ. ಪಕ್ಕದ ಬಾತ್‌ರೂಮಿನ ಪೈಪು ಒಡೆದಿದೆ. ಇವತ್ತು ಬೀಗ."

ಆಮೇಲೆ ಎಲ್ಲರೂ ಸೇರಿ ಬಿಡಿಸಿ ಹೇಳಿದರು. ಕೆಳಗೆ ಹೊಲಿಗೆಯ ಒಂದೊಂದು ಸಾಲಿನಲ್ಲಿ ನಲವತ್ತು ಹೆಂಗಸರು. ಇಡೀ ಸಾಲಿಗೆ ಬಾತ್‌ರೂಮಿನ ಪಾಸು ಒಂದೇ, ಅದು ಸೂಪರ್‌ವೈಸರ್ ಹತ್ತಿರ. ಹೋದವರು ಬಂದು ಪಾಸು ಕೊಟ್ಟ ಮೇಲೆಯೇ ಇನ್ನೊಬ್ಬರು ಏಳಬೇಕು. ಕೇಳಿದರೆ ಅವನು ಗಡಿಯಾರ ನೋಡುತ್ತಾನೆ, ಮುಖ ನೋಡುತ್ತಾನೆ, ಈಗಷ್ಟೇ ಹೋಗಿದ್ದೆಯಲ್ಲ ಅನ್ನುತ್ತಾನೆ. ಅದಕ್ಕೇ ಬೆಳಿಗ್ಗೆ ಎದ್ದಾಗಿನಿಂದ ಯಾರೂ ನೀರು ಕುಡಿಯುವುದಿಲ್ಲ. ವೆಲ್‌ನೆಸ್ ರೂಮಿಗೆ ಬಂದಾಗ ಮಾತ್ರ ಪಾಸು ಬೇಡ. ನಾನು ಶಿಸ್ತಿಲ್ಲ ಎಂದು ಬೈದದ್ದು ಇದಕ್ಕೆ.

ನನ್ನ ಕೆನ್ನೆಗೆ ಯಾರೋ ಬಾರಿಸಿದ ಹಾಗಾಯಿತು. ಮೂತ್ರ ತುಂಬಿಕೊಂಡಿದ್ದರೆ ಬಿಪಿ ಏರುತ್ತದೆ. ರೋಗಿಯನ್ನು ಮೊದಲು ಬಾತ್‌ರೂಮಿಗೆ ಕಳಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ಆಮೇಲೆ ತೋಳಿಗೆ ಪಟ್ಟಿ ಕಟ್ಟಬೇಕು ಎಂಬುದು ನರ್ಸಿಂಗಿನ ಮೊದಲ ವರ್ಷದ ಪಾಠ. ಎಷ್ಟು ಹುಡುಗಿಯರಿಗೆ ನಾನೇ ಕಲಿಸಿದ್ದೇನೆ, ಮರೆತವರಿಗೆ ಎಲ್ಲರೆದುರು ಮಂಗಳಾರತಿ ಮಾಡಿದ್ದೇನೆ. ಇಲ್ಲಿ ಟೈಮಿಲ್ಲ ಎಂದು ಬಂದ ಕೂಡಲೇ ಪಟ್ಟಿ ಕಟ್ಟಿದ್ದೆ. ಪೈಪು ರಿಪೇರಿಯಾದ ಮೇಲೆ ಒಂದು ವಾರ ಸರಿಯಾದ ಕ್ರಮದಲ್ಲಿ ನೋಡಿದೆ: ಮೊದಲು ಬಾತ್‌ರೂಮು, ಆಮೇಲೆ ಬಿಪಿ, ಆಮೇಲೆ ಉಸಿರಾಟ, ಮತ್ತೆ ಬಿಪಿ. ಎರಡು ಅಂಕಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ನನ್ನ ಕೈಗುಣ ಅಷ್ಟೇ.

ಎರಡು ಪುಟದ ವರದಿ ಬರೆದುಕೊಂಡು ಶ್ರೀನಿಧಿಯವರ ಮುಂದೆ ಇಟ್ಟೆ. ಪಾಸಿನ ಪದ್ಧತಿ ತೆಗೆಯಬೇಕು, ಕುಡಿಯುವ ನೀರಿಗೆ ಬಿಡುವು ಕೊಡಬೇಕು ಎಂದು ಬರೆದಿದ್ದೆ. ಪೈಡಮ್ಮನಿಗೆ ಹಿಂದಿನ ಆರು ತಿಂಗಳಲ್ಲಿ ಮೂರು ಸಲ ಮೂತ್ರದ ಸೋಂಕು ಆಗಿತ್ತು, ಹೀಗೇ ಬಿಟ್ಟರೆ ಕಿಡ್ನಿಗೆ ಏರುತ್ತದೆ ಎಂಬುದನ್ನೂ ಬರೆದಿದ್ದೆ. ಅವರು ನಿಧಾನವಾಗಿ ಓದಿದರು.

"ನೀವು ಹೇಳೋದು ಅರ್ಥ ಆಗತ್ತೆ ಮೇಡಂ. ಆದ್ರೆ ಪಾಸು ಪ್ರೊಡಕ್ಷನ್‌ನವರ ವಿಷಯ, ನಮ್ಮದು ಸ್ಟ್ರೆಸ್. ನಮ್ಮ ಬಟ್ಟೆ ಕೊಳ್ಳೋ ಹೊರದೇಶದ ಬಯ್ಯರ್ ಕಡೆಯಿಂದ ಆಡಿಟ್‌ಗೆ ಬರ್ತಾರೆ, ಅವರಿಗೆ ಈ ಗ್ರಾಫ್ ತೋರಿಸ್ಬೇಕು. ನೀವು ಹಳೇ ಕ್ರಮದಲ್ಲೇ ಬಿಪಿ ತಗೊಳ್ಳಿ."

"ಅಂದ್ರ ಅವ್ರು ತಡಕೊಂಡು ಬರ್ಬೇಕು, ನಾ ಅದನ್ನ ಬರ್ಕೋಬೇಕು. ಹಂಗೇನ್ರೀ?"

"ಹಾಗೆ ಯಾಕೆ ಅಂದ್ಕೋತೀರಿ ಮೇಡಂ, ಅಂಕಿಯೇನೂ ಸುಳ್ಳಲ್ವಲ್ಲ."

ಕಾಫಿ ತರಿಸಿದರು. ನಾನು ಮುಟ್ಟದೆ ಎದ್ದು ಬಂದೆ. ಅಲ್ಲೇ ರಾಜೀನಾಮೆ ಬಿಸಾಕಿ ಬರಬಹುದಿತ್ತು. ಕ್ಲಾಸು ನಿಂತರೆ ಆ ಬಾತ್‌ರೂಮೂ ಇವರ ಪಾಲಿಗೆ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಹಳೇ ಕ್ರಮದಲ್ಲೇ ಮುಂದುವರಿಸಿದೆ. ಸಂಬಳದ ಆಸೆಯೂ ಇತ್ತು, ಯಾಕೆ ಸುಳ್ಳು ಹೇಳಲಿ.

ಒಂದೂವರೆ ತಿಂಗಳಾದ ಮೇಲೆ ವಿಜಯವಾಡದ ಒಂದು ಹೋಟೆಲಿನಲ್ಲಿ ನಮ್ಮ ಸಂಸ್ಥೆಯ ಸಭೆ ನಡೆಯಿತು. ಹತ್ತಾರು ಕಾರ್ಖಾನೆಗಳ ಅಧಿಕಾರಿಗಳು ಬರುವವರಿದ್ದರು. ನಮ್ಮ ದುವ್ವಾಡದ ಕ್ಲಾಸೇ ಅಲ್ಲಿ ಮಾದರಿ. ಕ್ಲಾಸಿನಿಂದ ಉಪಯೋಗ ಪಡೆದವಳು ಎಂದು ಪೈಡಮ್ಮನನ್ನೂ ಕರೆದರು. ಅವಳು ಹೇಳಬೇಕಾದ ಮಾತನ್ನು ಶ್ರೀನಿಧಿ ಬರೆದುಕೊಟ್ಟಿದ್ದರು. ಇಬ್ಬರೂ ದುವ್ವಾಡದಲ್ಲಿ ರೈಲು ಹತ್ತಿದೆವು. ದಾರಿಯುದ್ದಕ್ಕೂ ಅವಳು ಬಾಟಲಿಯಿಂದ ನೀರು ಕುಡಿಯುತ್ತಲೇ ಇದ್ದಳು, ಮತ್ತೆ ಮತ್ತೆ ಎದ್ದು ಹೋಗಿ ಬರುತ್ತಿದ್ದಳು. "ಇಲ್ಲಿ ಯಾರ ಮುಖಾನೂ ನೋಡಬೇಕಿಲ್ಲಮ್ಮಾ" ಅಂದಳು. ಹೋಟೆಲಿನಲ್ಲಿ ನಮ್ಮಿಬ್ಬರಿಗೂ ಒಂದೊಂದು ಮಂಗಳಗಿರಿ ಕೈಮಗ್ಗದ ಸೀರೆ ಕೊಟ್ಟು, ಅದನ್ನೇ ಉಟ್ಟು ವೇದಿಕೆಗೆ ಬರಬೇಕು ಎಂದರು.

ಶ್ರೀನಿಧಿ ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ನಮ್ಮ ಹೆಣ್ಣುಮಕ್ಕಳ ಒತ್ತಡವೆಲ್ಲ ಮನೆಯಿಂದ ಬರುತ್ತದೆ, ಕುಡುಕ ಗಂಡ, ಅತ್ತೆಯ ಕಾಟ, ಇದನ್ನೆಲ್ಲ ಹೊತ್ತು ಬಂದವರಿಗೆ ಕಾರ್ಖಾನೆಯೇ ತವರು ಎಂದರು. ಹಿಂದಿನ ಪರದೆಯ ಮೇಲೆ ನನ್ನ ಗ್ರಾಫು ಇಳಿಯುತ್ತಿತ್ತು. ಪೈಡಮ್ಮ ಮೈಕಿನ ಮುಂದೆ ನಿಂತು, ಕ್ಲಾಸಿನಿಂದ ಮನಸ್ಸು ಹಗುರವಾಗಿದೆ, ಮ್ಯಾನೇಜ್‌ಮೆಂಟಿಗೆ ನಮಸ್ಕಾರ ಎಂದು ಒಂದು ಅಕ್ಷರ ತಪ್ಪದೆ ಒಪ್ಪಿಸಿದಳು. ಭಾರಿ ಚಪ್ಪಾಳೆ. ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಮೈಕು ನನ್ನ ಕೈಗೆ ಬಂತು, ವಂದನೆಯ ಎರಡು ಮಾತಾಡಲು. ನಾನು ತೆಲುಗಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಪಾಸಿನ ವಿಷಯ ಹೇಳಿದೆ, ಪೈಪಿನ ವಿಷಯ ಹೇಳಿದೆ. ಪರದೆಯಲ್ಲಿ ಇಳಿಯುತ್ತಿರುವುದು ಒತ್ತಡವಲ್ಲ, ಇವರು ಬೆಳಗಿನಿಂದ ತಡೆದುಕೊಂಡ ಮೂತ್ರ ಎಂದೂ ಹೇಳಿದೆ.

ಮೊದಲು ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು "ಟಾಯ್ಲೆಟ್ ಥೆರಪಿ" ಅಂದರು. ಇಡೀ ಹಾಲೇ ನಕ್ಕಿತು. ಊಟದ ಹೊತ್ತಿಗೆ ಒಬ್ಬ ಅಧಿಕಾರಿ ತಟ್ಟೆ ತುಂಬ ಬಿರಿಯಾನಿ ಹಿಡಿದುಕೊಂಡು ಬಂದು, ನಿಮ್ಮ ಹಾಸ್ಯಪ್ರಜ್ಞೆ ಚೆನ್ನಾಗಿದೆ ಮೇಡಂ ಎಂದು ಹೊಗಳಿ ಹೋದ. ಅವನ ತಟ್ಟೆಯಲ್ಲಿ ಉಗಿಯಬೇಕು ಅನ್ನಿಸಿತು. ಆ ಹಾಲಿನಲ್ಲಿ ನಗದೆ ಇದ್ದವಳು ಪೈಡಮ್ಮ ಒಬ್ಬಳೇ, ನನ್ನನ್ನೇ ನೋಡುತ್ತಿದ್ದಳು. ನನ್ನ ಧೈರ್ಯಕ್ಕೆ ಹೆಮ್ಮೆಪಡುತ್ತಿದ್ದಾಳೆ ಎಂದುಕೊಂಡೆ.

ಮುಂದಿನ ಸೋಮವಾರ ವೆಲ್‌ನೆಸ್ ರೂಮಿನ ಪಕ್ಕದ ಬಾತ್‌ರೂಮಿಗೆ ಬೀಗ ಬಿದ್ದಿತ್ತು. ಆಫೀಸಿನವರು ಕೆಳಗಿನ ಮಹಡಿಯದನ್ನು ಬಳಸಬೇಕೆಂದು ನೋಟಿಸು ಅಂಟಿಸಿದ್ದರು. ಓಡಿಹೋಗಿ ಶ್ರೀನಿಧಿಯವರನ್ನು ಕೇಳಿದೆ.

"ನೀವೇ ಹೇಳಿದ್ರಲ್ಲ ಮೇಡಂ, ಬಾತ್‌ರೂಮಿಂದ ರಿಸಲ್ಟ್ ಹಾಳಾಗ್ತಿದೆ ಅಂತ. ಎಲ್ಲರ ಮುಂದೆ ಹೇಳಿದ್ರಿ. ಈಗ ಸರಿಯಾದ ಅಂಕಿ ಬರತ್ತೆ." ಅವರ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಆ ಮನುಷ್ಯನ ಒಗೆದ ಅಂಗಿ, ಹಣೆಯ ಕುಂಕುಮ, ಮೇಜಿನ ಮೇಲೆ ಮಗಳ ಫೋಟೋ ನೋಡುತ್ತ ನಿಂತೆ. ಥೂ ಅಂದುಕೊಂಡು ಹೊರಗೆ ಬಂದೆ.

ಬೀಗ ಬಿದ್ದ ಮೂರನೆಯ ವಾರ ಪೈಡಮ್ಮ ಕೆಲಸಕ್ಕೆ ಬರಲಿಲ್ಲ. ನಡುಗುವ ಜ್ವರ, ಪಕ್ಕೆನೋವು ಎಂದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರು. ಸೋಂಕು ಬಲಗಡೆಯ ಕಿಡ್ನಿಗೆ ಏರಿತ್ತು. ಮಂಚದ ಪಕ್ಕ ಕೂತು ಅವಳ ಕೈ ಹಿಡಿದೆ. ಡ್ರಿಪ್ ಹಾಕಿದ ಕೈ ಊದಿಕೊಂಡಿತ್ತು. ನಾನು ಕೈಲಾದದ್ದನ್ನು ಮಾಡಿದೆ, ಅವರಿಗೆ ಮನುಷ್ಯತ್ವ ಇಲ್ಲ ಎಂದೇನೋ ಹೇಳತೊಡಗಿದೆ. ಅವಳು ಕೈ ಬಿಡಿಸಿಕೊಂಡಳು.

"ಅವತ್ತು ವಿಜಯವಾಡದಲ್ಲಿ ಅವರು ಕಲಿಸಿದ್ದನ್ನು ಗಿಣಿ ಹಾಗೆ ಯಾಕೆ ಹೇಳಿದೆ ಅಂದ್ಕೊಂಡಿರಿ? ನನಗೆ ಬಾಯಿಲ್ಲವಾ ಅಮ್ಮಾ? ಆ ಒಂದು ಬಾತ್‌ರೂಮು ಉಳೀಲಿ ಅಂತ. ನೀವು ಒಂದು ಮಾತು ನಮ್ಮನ್ನ ಕೇಳಬೇಕಿತ್ತು."

ಅಷ್ಟು ದಿನ ಶ್ರೀನಿಧಿಯ ಮೇಲಿದ್ದ ಹೇಸಿಗೆಯಲ್ಲಿ ಅರ್ಧ ಪಾಲು ಅಲ್ಲೇ ನನ್ನ ಮೇಲೆ ತಿರುಗಿತು. ನನಗೆ ಆ ಮೈಕಿನಲ್ಲಿ ಸಿಟ್ಟು ತೀರಿಸಿಕೊಳ್ಳಬೇಕಿತ್ತು, ತೀರಿಸಿಕೊಂಡೆ. ಬೀಗ ಬಿದ್ದದ್ದು ಅವರ ಪಾಲಿಗೆ.

ಎರಡು ದಿನ ಬಿಟ್ಟು, ಶಿಫ್ಟ್ ಮುಗಿಸಿ ಬಂದ ಹೆಂಗಸರನ್ನು ದುವ್ವಾಡ ಸ್ಟೇಷನ್ನಿನ ಹೊರಗೆ ಆಟೋ ನಿಲ್ಲುವ ಜಾಗದಲ್ಲಿ ಹಿಡಿದೆ. ಕಾರ್ಮಿಕ ಇಲಾಖೆಗೆ ದೂರು ಬರೆಯಲೇ ಎಂದು ಕೇಳಿದೆ. ಬೇಡ ಎಂದರು. ವಿಚಾರಣೆಗೆ ಬಂದವರು ಹೋದ ಮೇಲೆ ಸೂಪರ್‌ವೈಸರ್ ಜೊತೆ ಬಾಳುವವರು ನಾವು ಎಂದರು. ಅವರಲ್ಲಿ ಹಿರಿಯವಳೊಬ್ಬಳು ಕೇಳಿದಳು: "ಅವರಿಗೆ ಗ್ರಾಫ್ ತಾನೇ ಬೇಕು? ಕೊಡಿ. ದಿನಕ್ಕೆ ಎರಡು ಸಲ ಕ್ಲಾಸ್ ಇಡಲಿ, ಎಲ್ಲ ಸಾಲಿಗೂ, ಸರದಿಯ ಮೇಲೆ. ಹತ್ತು ನಿಮಿಷ ಸಾಕು. ಬೀಗ ಮಾತ್ರ ತೆಗೀಲಿ."

ಬೀಗ ಬಿದ್ದಂದಿನಿಂದ ಬಿಪಿ ಇಳಿದಿರಲಿಲ್ಲ, ಆಡಿಟ್ ಹತ್ತಿರ ಬಂದಿತ್ತು. ಶ್ರೀನಿಧಿಯವರ ಮುಂದೆ ಕೂತು, ಹೆಂಗಸರು ಹೇಳಿದ್ದನ್ನು ಅವರಿಗೆ ಇಷ್ಟವಾಗುವ ಇಂಗ್ಲಿಷಿನಲ್ಲಿ ಹೇಳಿದೆ. ಇದಕ್ಕೆ ಮೈಕ್ರೋ ಬ್ರೇಕ್ ಅನ್ನುತ್ತಾರೆ, ದಿನಕ್ಕೆರಡು ಹತ್ತು ನಿಮಿಷದ ಉಸಿರಾಟ, ಕ್ಲಾಸಿಗೆ ಮುಂಚೆ ಮತ್ತು ಆಮೇಲೆ ಕೆಲವರ ಬಿಪಿ, ಗ್ರಾಫು ಮೊದಲಿಗಿಂತ ಚೆನ್ನಾಗಿ ಬರುತ್ತದೆ, ಆದರೆ ಬಾತ್‌ರೂಮು ತೆರೆದಿರಬೇಕು. ಯಾಕೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮರುದಿನ ಬೀಗ ತೆಗೆದರು. ಮೈಕ್ರೋ ಬ್ರೇಕ್ ತಮ್ಮದೇ ಯೋಚನೆ ಎಂದು ಅವರು ಆಡಿಟ್‌ನವರಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

ಪೈಡಮ್ಮ ಎರಡು ತಿಂಗಳ ಮೇಲೆ ಕೆಲಸಕ್ಕೆ ಮರಳಿದಳು. ಬಲಗಡೆಯ ಕಿಡ್ನಿ ಪೂರ್ತಿ ಸರಿಹೋಗಿಲ್ಲ, ಮಾತ್ರೆ ನಡೆಯುತ್ತಿದೆ. ನನ್ನ ಹತ್ತಿರ ಮೊದಲಿನ ಸಲಿಗೆ ಇಲ್ಲ; ತೋಳು ಚಾಚುತ್ತಾಳೆ, ಬಿಪಿ ನೋಡಿಸಿಕೊಳ್ಳುತ್ತಾಳೆ, ಎದ್ದು ಹೋಗುತ್ತಾಳೆ. ಅವಳ ನಿಜವಾದ ಬಿಪಿಯನ್ನು ಬಾತ್‌ರೂಮಿಗೆ ಹೋಗಿ ಬಂದ ಮೇಲೆ ನೋಡಿ ಬೇರೆ ವಹಿಯಲ್ಲಿ ಬರೆದಿಡುತ್ತೇನೆ, ಡಾಕ್ಟರಿಗೆ ಅದೇ ಬೇಕು.

ಈ ಉದ್ಯೋಗ ನನಗೆ ಕಲಿಸಿದ್ದು ಇಷ್ಟು: ರೋಗಿಯ ಪರವಾಗಿ ಬಾಯಿ ತೆರೆಯುವ ಮೊದಲು, ಅದರ ಬೆಲೆ ತೆರುವವರು ಯಾರು ಎಂದು ರೋಗಿಯನ್ನೇ ಕೇಳಬೇಕು. ಮೂವತ್ತೈದು ವರ್ಷ ವಾರ್ಡಿನಲ್ಲಿ ಕಲಿಯದ್ದನ್ನು ಒಂದು ಆಟೋ ಸ್ಟ್ಯಾಂಡಿನಲ್ಲಿ ಕಲಿತೆ. ಕಲಿತೆನೆಂದು ಹೇಸಿಗೆ ಹೋಗಿಲ್ಲ. ಪಾಸು ಇನ್ನೂ ಸೂಪರ್‌ವೈಸರ್ ಕೈಯಲ್ಲೇ ಇದೆ.

ಹೋದ ತಿಂಗಳು ಶ್ರೀನಿಧಿ ಫೋನ್ ಮಾಡಿದ್ದರು. ವಿಜಯವಾಡದ ಹತ್ತಿರ ಅವರ ಕಂಪನಿಯ ಹೊಸ ಕಾರ್ಖಾನೆ ಶುರುವಾಗಿದೆಯಂತೆ. "ಅಲ್ಲಿಗೂ ನಿಮ್ಮ ಪ್ರೋಗ್ರಾಂ ಬೇಕು ಮೇಡಂ. ದೊಡ್ಡ ರೂಮು, ಎ.ಸಿ., ಒಳ್ಳೇ ಮ್ಯೂಸಿಕ್ ಸಿಸ್ಟಮ್, ಎಲ್ಲಾ ರೆಡಿ ಇದೆ."

"ಅದೆಲ್ಲಾ ಇರ್ಲಿ," ಅಂದೆ, "ಬಾತ್‌ರೂಮ್ ಎಷ್ಟು ದೂರ ಐತ್ರೀ?"