ಅತ್ತೆಗೆಂದು ಎತ್ತರಿಸಿದ ಸೀಟು

ನಮ್ಮ ಸೋದರಮಾವನ ಮನೆಗೆ ಬಂದವರು ಯಾವುದನ್ನೂ ಹೊಗಳುವಂತಿರಲಿಲ್ಲ. ಗೋಡೆಯ ಗಡಿಯಾರ ಚಂದ ಇದೆ ಅಂದರೆ ಮಾವ "ನಿಮ್ಮದ ಐತ್ರಿ" ಅನ್ನುತ್ತಿದ್ದ. ಹಿತ್ತಾಳೆ ತಂಬಿಗೆ ಚಂದ ಇದೆ ಅಂದರೂ ಅದೇ ಮಾತು. ಹಾಗಂತ ಯಾರೂ ತಂಬಿಗೆ ಎತ್ತಿಕೊಂಡು ಹೋಗಲಿಲ್ಲ ಅನ್ನಿ. ನಿಮ್ಮ ಕೈಯಲ್ಲಿದ್ದರೆ ನಮ್ಮ ಕೈಯಲ್ಲಿದ್ದ ಹಾಗೆ ಬಿಡಿ ಎಂದು ನಕ್ಕು, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಹೈದರಾಬಾದಿನಲ್ಲಿ ಈ ಮಾತು ಎಲ್ಲ ಭಾಷೆಯಲ್ಲೂ ನಡೆಯುತ್ತದೆ. ಉರ್ದು ಆಡುವವರು "ಆಪ್‌ಕಾಚ್ ಹೈ" ಅನ್ನುತ್ತಾರೆ. ಅದು ಕೊಡುವ ಮಾತಲ್ಲ, ಬಾಯಿಗೆ ಹಚ್ಚಿಕೊಂಡ ಅತ್ತರು. ಹಚ್ಚಿದಾಗ ಘಮಘಮ, ಆಮೇಲೆ ಬರೀ ಗಾಳಿ. ಮಾವನಿಗೆ ಇದು ತಿಳಿಯದ್ದೇನಲ್ಲ, ಜೀವಮಾನವೆಲ್ಲ ತಾನೇ ಆಡಿದ ಮಾತು. ಆದರೂ ಒಂದು ಸಲ ಇನ್ನೊಬ್ಬರ ಬಾಯಿಂದ ಅದನ್ನು ಕೇಳಿ ನಂಬಿಬಿಟ್ಟ.

ಮಾವ ರಾಯಚೂರ ಕಡೆಯವನು, ಕೆಲಸ ಡ್ರೈವರಿಕೆ. ಅವನ ಸಾಹೇಬರು ಬೇಗಂಪೇಟೆಯ ಒಂದು ಮಹಡಿಯಲ್ಲಿ ಸಾಫ್ಟ್‌ವೇರ್ ಆಫೀಸು ಶುರುಮಾಡಿ, ನೋಡನೋಡುತ್ತಿದ್ದಂತೆ ಮಣಿಕೊಂಡದ ಆಚೆ ಗಾಜಿನ ಕಟ್ಟಡಕ್ಕೆ ಏರಿದವರು. ಆಗ ಮಣಿಕೊಂಡದಲ್ಲಿ ಹಗಲೆಲ್ಲ ಬಂಡೆಗೆ ಮದ್ದಿಟ್ಟು ಒಡೆಯುತ್ತಿದ್ದರು. ಬಾಡಿಗೆ ಕಡಿಮೆ ಎಂದು ಮಾವ ಅಲ್ಲೇ ಎರಡು ಕೋಣೆಯ ಮನೆ ಹಿಡಿದಿದ್ದ. ನಾನೂ ಅವರ ಜೊತೆಗಿದ್ದು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ನಾನು ಓದಿದ್ದು ತೆಲುಗು ಶಾಲೆ. ನನ್ನ ಕನ್ನಡ ಏನಿದ್ದರೂ ಅತ್ತೆ ರೊಟ್ಟಿ ಬಡಿಯುತ್ತ ಆಡಿದ ಕನ್ನಡ.

ಅತ್ತೆಗೆ ಒಂದೇ ಒಂದು ಕೊರತೆ ಇತ್ತು. ಅವಳ ಗಂಡ ಊರಿನ ಅರ್ಧ ದೊಡ್ಡವರನ್ನು ಕಾರಿನಲ್ಲಿ ಕೂರಿಸಿ ತಿರುಗಿಸಿದವನು, ಆದರೆ ಅವನು ಓಡಿಸುವ ಕಾರಿನಲ್ಲಿ ಅವಳು ಒಂದು ದಿನವೂ ಕೂತಿರಲಿಲ್ಲ. ಧಣಿಗಳ ಕಾರಿನಲ್ಲಿ ಹೆಂಡತಿಯನ್ನು ಹತ್ತಿಸುವುದು ಮಾವನ ನಿಯಮಕ್ಕೆ ಒಪ್ಪದ ಮಾತು. ಹಾಗಾಗಿ ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ಅವಳು ಹಿಮಾಯತ್‌ನಗರದ ತಂಗಿಯ ಮನೆಗೆ ಆಟೋದಲ್ಲಿ ಹೋಗುತ್ತಿದ್ದಳು. ನಮ್ಮ ಕಡೆಯವರೆಲ್ಲ ಅಲ್ಲಿ ಸೇರಿ, ಊರಾಚೆಯ ಒಂದು ಮಾವಿನ ತೋಟಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವ ರೂಢಿ. ಭಜ್ಜಿ ಮಾತ್ರ ಅತ್ತೆಯದೇ ಆಗಬೇಕು. ಕರಿದ ಭಜ್ಜಿಯಲ್ಲ, ಎಳೆ ಕಾಳು, ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸುವ ನಮ್ಮ ಭಜ್ಜಿ. ಆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಕುಲುಕುತ್ತ ಹೋಗಿ ಇಳಿಯುವಾಗ ಅದರಲ್ಲಿ ಅಷ್ಟಿಷ್ಟು ಸೀರೆಗೆ ಸಂದಿರುತ್ತಿತ್ತು. ತಂಗಿಯ ಗಂಡ, ಅಂದರೆ ಮಾವನ ಷಡ್ಡಕ, ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಅಧಿಕಾರಿ. ಬಾಗಿಲಲ್ಲೇ ನಿಂತು, "ಅಕ್ಕಾರ ಆಟೋದಾಗ ಬಂದ್ರು, ಅಣ್ಣಾರ ಕಾರಿನಾಗ ಯಾರ ಅದಾರ್ರಿ?" ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅತ್ತೆಯೂ ನಗುತ್ತಿದ್ದಳು.

ಸಾಹೇಬರ ಬಂಗಲೆಯ ಗೋಡೆ ಬದಿಗೆ ಒಂದು ಸ್ಪೋರ್ಟ್ಸ್ ಕಾರು ತಾಡಪತ್ರಿ ಹೊದ್ದು ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿ ಕೂತ ಕೆಂಪು ಗಾಡಿ. ಸಾಹೇಬರು ಹೊಸದಾಗಿ ದುಡ್ಡು ಕಂಡಾಗ ಯಾರಿಂದಲೋ ಹಳೆಯದನ್ನು ಕೊಂಡು, ಒಂದು ಚಳಿಗಾಲ ತಾವೇ ಓಡಿಸಿ ಮರೆತಿದ್ದರು. ಎಂಜಿನ್ನು ಕೆಡಬಾರದೆಂದು ಮಾವ ಆಗಾಗ ಅದನ್ನು ಚಾಲೂ ಮಾಡಿ ಒರೆಸಿ ಇಡುತ್ತಿದ್ದ. ಬಿಸಿಲಿಗೆ ಸೀಟಿನ ತೊಗಲು ಹಪ್ಪಳದ ಹಾಗೆ ಸೆಟೆದು ಒಡೆದಿತ್ತು. ಒಂದು ದಿನ ಸಾಹೇಬರು ಫೋನು ಕಿವಿಗಿಟ್ಟುಕೊಂಡು ಆ ಕಡೆ ಬಂದಾಗ ಮಾವ, ಇಷ್ಟು ಒಳ್ಳೆಯ ಗಾಡಿ, ಸೀಟು ಹಾಳಾಗಿವೆ, ಮಾಡಿಸಲೇ ಎಂದು ಕೇಳಿದನಂತೆ. ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿ ಅಂದರಂತೆ: "ಕರಾ ಲೋ. ಆಪ್‌ಕೀಚ್ ಸಮಝೋ." ಮಾಡಿಸಿಕೊಳ್ಳಿ, ನಿಮ್ಮದೇ ಅಂತ ತಿಳೀರಿ.

ಮಾವ ಮನೆಗೆ ಬಂದದ್ದು ಮದುಮಗನ ಹಾಗೆ. ಅದು ಬರೀ ಬಾಯಿಮಾತು ಇದ್ದೀತು ಎಂದು ನಾನು ಮೆಲ್ಲಗೆ ಅಂದೆ.

"ಮಾಡಸು ಅಂದಿಲ್ಲ ಅವರು, ಮಾಡಸ್ಕೋ ಅಂದಾರ. ಕನ್ನಡ ತಿಳಿತೈತಿಲ್ಲ ನಿನಗ?"

"ಅವರು ಅಂದದ್ದು ಹಿಂದಿ ಐತಿ ಮಾಮಾ."

"ಹಿಂದಿಯಾಗ 'ಲೋ' ಅಂದ್ರ ನಮ್ಮ 'ಕೋ'. ಎರಡರಾಗೂ ಅದು ಯಾರಿಗಂತ ಗೊತ್ತ ಆಕ್ಕತಿ."

ಒಲೆಯ ಮುಂದಿನಿಂದ ಅತ್ತೆ, ಕಾಗದಪತ್ರ ಹೇಗೆ ಅಂತ ಕೇಳಿದಳು. ಒಂದೇ ಸಲ ಕೇಳಿದ್ದು. ಕಾಗದ ಕೇಳಿದರೆ ಕೊಟ್ಟವರ ಮುಖ ಸಣ್ಣದಾಗುತ್ತದೆ, ಅವರೇ ಮಾಡಿಕೊಡುತ್ತಾರೆ ಎಂದು ಮಾವ ಹೇಳಿದ. ನಾವು ಮೂವರೂ ಒಪ್ಪಿಕೊಂಡೆವು. ಯಾಕೆಂದರೆ ಆ ಹೊತ್ತಿಗೆ ಅತ್ತೆಯ ಕಣ್ಣಲ್ಲಿ ಎಳ್ಳಮಾವಾಸ್ಯೆಯ ದಿನ ಹಿಮಾಯತ್‌ನಗರದ ಆ ಬಾಗಿಲ ಮುಂದೆ ಗಾಡಿ ನಿಂತಾಗಿತ್ತು.

ಸೀಟಿನ ಕೆಲಸದ ಅಂಗಡಿ ಹಿಮಾಯತ್‌ನಗರದ ಹಿಂದಿನ ಒಂದು ಗಲ್ಲಿಯಲ್ಲಿತ್ತು. ಅಲ್ಲಿನ ಉಸ್ತಾದ್ ಮಾತಿನ ಮಲ್ಲ. ಸೀಟುಗಳನ್ನು ಬಿಚ್ಚಿ ರಸ್ತೆಯ ಮೇಲಿಟ್ಟು, ಹೊಲಿಗೆ ಕತ್ತರಿಸಿ ತೊಗಲು ಸುಲಿದ. ಒಳಗಿನ ಸ್ಪಂಜು ಬಡಿದರೆ ಬೇಳೆಹಿಟ್ಟಿನ ಹಾಗೆ ಹಳದಿ ಪುಡಿ ಉದುರಿತು, ಜೊತೆಗೆ ಕೈತುಂಬ ಬೆಕ್ಕಿನ ಕೂದಲು. ಇಲ್ಲಿ ಬೆಕ್ಕುಗಳು ಮೂರು ತಲೆಮಾರು ಸಂಸಾರ ಮಾಡಿವೆ, ಬಾಡಿಗೆ ವಸೂಲಿ ಮಾಡಿದಿರೋ ಇಲ್ಲವೋ ಅಂದ. ಬಣ್ಣ ಆರಿಸಲು ಮಾವ ಅತ್ತೆಯನ್ನೇ ಕರೆತಂದಿದ್ದ. ಕೆಂಪು ಗಾಡಿಗೆ ಕಪ್ಪು ರೆಗ್ಜಿನ್ನೇ ಶೋಭೆ ಎಂದು ಉಸ್ತಾದ್ ವಾದ. ಅತ್ತೆ ರೆಗ್ಜಿನ್ ಸುರುಳಿಗಳನ್ನೆಲ್ಲ ಮುಟ್ಟಿ ನೋಡಿ ಹುಣಸೆಹಣ್ಣಿನ ಬಣ್ಣದ್ದೊಂದನ್ನು ಎಳೆದಳು. ಕಾರಣ ಕೇಳಿದ್ದಕ್ಕೆ, ಭಜ್ಜಿ ಚೆಲ್ಲಿದರೆ ಕಾಣುವುದಿಲ್ಲ ಅಂದಳು.

ಇನ್ನು ಕೂತು ನೋಡುವುದು. ಎಡಗಡೆಯ ಸೀಟು ರಸ್ತೆಯ ಮೇಲೇ ಇತ್ತು. ಅತ್ತೆ ಸೆರಗು ಸುತ್ತಿಕೊಂಡು ಕೂತಳು. ಕೂತದ್ದೇನೋ ಸರಿ, ಏಳಲಾಗಲಿಲ್ಲ. ಅವಳ ಮೊಣಕಾಲಿಗೆ ಮೊದಲಿಂದಲೂ ನೋವು. ಆ ಸೀಟೋ ನೆಲಕ್ಕಿಂತ ಗೇಣು ಮೇಲೆ. ಒಂದು ಕೈ ಮಾವ, ಇನ್ನೊಂದು ಕೈ ನಾನು ಹಿಡಿದು ಎಳೆದೆವು. ಗಲ್ಲಿಯವರು ನಿಂತು ನೋಡಿದರು. ಅತ್ತೆಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. ಹಳೆಯ ಸ್ಪಂಜಿನ ಜಾಗದಲ್ಲಿ ಹೊಸದು ಹಾಕಿ, ಅದರ ಮೇಲೆ ನಾಲ್ಕು ಬೆರಳು ದಪ್ಪದ ಇನ್ನೊಂದು ಹಲಗೆ ಸ್ಪಂಜು ಕೂರಿಸಬೇಕೆಂದು ಮಾವ ಹಟ ಹಿಡಿದ. ಉಸ್ತಾದ್ ತಲೆ ಚಚ್ಚಿಕೊಂಡ. ಇದು ಓಡುವ ಗಾಡಿ, ಮದುವೆ ಮೆರವಣಿಗೆಯ ಕುದುರೆಯಲ್ಲ, ಇಷ್ಟು ಎತ್ತರ ಮಾಡಿದರೆ ಬೇಗಂ ಸಾಹೇಬಾ ಅಂಬಾರಿಯಲ್ಲಿ ಕೂತಂತೆ ಕಾಣುತ್ತಾರೆ ಎಂದ. ಕಾಣಲಿ ಅಂದ ಮಾವ. ಅದರ ಖರ್ಚಿನ ದುಡ್ಡನ್ನು ಎಲ್ಲಿಂದ ತಂದ ಅನ್ನುವುದು ಇಲ್ಲಿ ಬೇಡ. ಆ ಮಾತನ್ನು ಅತ್ತೆಯೇ ಎಂದೂ ಎತ್ತಲಿಲ್ಲ.

ಸೀಟು ಮುಗಿದ ದಿನ ಗಾಡಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಪಕ್ಕದ ಸೈಟಿನಲ್ಲಿ ಬುನಾದಿ ತೋಡುತ್ತಿದ್ದವರು ನಮ್ಮ ಕಡೆಯ ಜನವೇ. ಸನಿಕೆ ಊರಿ, ಗಾಡಿ ಭಾರೀ ಐತಿ, ಯಾರದ್ದು ಎಂದು ಕೇಳಿದರು. ಮಾವ ರೂಢಿಯಂತೆ ನಿಮ್ಮದೇ ಅಂದ. "ಹಂಗಾದ್ರ ಕೀಲಿ ಕೊಡ್ರಿ ಮತ್ತ," ಅಂದ ಅವರಲ್ಲೊಬ್ಬ. ಎಲ್ಲರಿಗಿಂತ ಜೋರಾಗಿ ನಕ್ಕವನು ಮಾವನೇ. ಅಮಾವಾಸ್ಯೆಗೆ ಇನ್ನೂ ಎರಡು ದಿನ ಇತ್ತು. ಮೊದಲ ಸವಾರಿ ಅಂದೇ ಆಗಲಿ ಎಂದು ಅತ್ತೆ ಸೀಟಿಗೆ ಅರಿಶಿನ ಕುಂಕುಮ ಹಚ್ಚಿದಳೇ ಹೊರತು ಕೂರಲಿಲ್ಲ. ಆಗಲೇ ಕೂತುಬಿಡಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮರುದಿನ ಬೆಳಿಗ್ಗೆ, ಗಾಡಿ ತೆಗೆದುಕೊಂಡು ಬಾ ಎಂದು ಬಂಗಲೆಯಿಂದ ಫೋನು ಬಂತು. ಕಾಗದ ಮಾಡಿಕೊಡುತ್ತಾರೆ ಎಂದು ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಅಲ್ಲಿ ನಡೆದದ್ದನ್ನು ಅವನು ಒಂದೇ ಸಲಕ್ಕೆ ಹೇಳಲಿಲ್ಲ. ಎಷ್ಟೋ ದಿನ ಚೂರು ಚೂರಾಗಿ ಹೇಳಿದ.

ಸಾಹೇಬರ ಅಳಿಯ ಪರದೇಶದಿಂದ ರಜೆಗೆ ಬಂದಿದ್ದ. ಊರು ತಿರುಗಲು ಅವನಿಗೆ ಆ ಗಾಡಿಯೇ ಬೇಕು. ಸಾಹೇಬರು ಸೀಟು ನೋಡಿ ಮನಸಾರೆ ಹೊಗಳಿದರು, ಹೊಲಿಗೆಯ ಮೇಲೆ ಬೆರಳಾಡಿಸಿದರು. ಅಳಿಯ ಎಡಗಡೆ ಕೂತ. ತಲೆ ಮೇಲಿನ ತಗಡಿಗೆ ತಾಗಿತು. ಎಲ್ಲರೂ ನಕ್ಕರು. ಮಾವನೂ ನಕ್ಕನಂತೆ, ನಗದೆ ಏನು ಮಾಡಲಿ, ನಾನು ಅವರ ನಡುವೆಯೇ ನಿಂತಿದ್ದೆ ಅಂದ. ಆಮೇಲೆ ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಯೇ ಜರಾ ನೀಚೇ ಕರಾ ದೋ." ಇದನ್ನು ಸ್ವಲ್ಪ ಕೆಳಗೆ ಮಾಡಿಸಿಕೊಡಿ.

'ಲೋ' ಹೋಗಿ 'ದೋ' ಬಂದಿತ್ತು. ಮಾಡಿಸಿಕೋ ಹೋಗಿ ಮಾಡಿಸಿಕೊಡು ಬಂದಿತ್ತು. ಅದು ಯಾರಿಗೆ ಅಂತ ಎರಡು ಭಾಷೆಯಲ್ಲೂ ತಿಳಿಯುತ್ತಿತ್ತು. ಮಾವ "ಜೀ ಸಾಬ್" ಅಂದ.

ಸಾಹೇಬರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಕೂರಲು ಒಂದು ಜಾಗವಾದರೂ ಸಿಗುತ್ತಿತ್ತು. ಅವರು ಹಬ್ಬಕ್ಕೆ ಮಿಠಾಯಿ ಕಳಿಸುವವರು, ಮಾವನನ್ನು 'ಆಪ್' ಎಂದೇ ಕರೆಯುವವರು. ಕೊಟ್ಟದ್ದನ್ನು ಕಿತ್ತುಕೊಂಡರು ಅನ್ನುವಂತೆಯೂ ಇಲ್ಲ. ತಾವು ಕೊಟ್ಟಿದ್ದೇವೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಆ ಮಾತು ಬಾಯಿಂದ ಬಿದ್ದ ಕ್ಷಣವೇ ಅವರು ಅದನ್ನು ಮರೆತಿದ್ದರು. ಇಲ್ಲಿ ಒಂದು ಮನೆ ಪೂರ್ತಿ ಅದರ ಮೇಲೆ ಕೂತು ದಿನ ಎಣಿಸುತ್ತಿತ್ತು.

ಮಾವ ಗಾಡಿಯನ್ನು ಅಲ್ಲಿಂದ ನೇರ ಅದೇ ಗಲ್ಲಿಗೆ ಒಯ್ದ. ಮಾತಿನ ಮಲ್ಲ ಉಸ್ತಾದ್ ಹೊಸ ಹೊಲಿಗೆಯನ್ನು ಬಿಚ್ಚುವಾಗ, ಬೇಗಂ ಸಾಹೇಬಾಗೆ ಹಿಡಿಸಲಿಲ್ಲವೇ ಎಂದು ಕೇಳಿ, ಮಾವನ ಮುಖ ನೋಡಿ ಕತ್ತರಿಯ ಕಡೆ ತಿರುಗಿದನಂತೆ. ಸಂಜೆ ಮಾವ ಬಸ್ಸಿನಿಂದ ಇಳಿದು ನಡೆದು ಬಂದ. ಕಂಕುಳಲ್ಲಿ ಆ ನಾಲ್ಕು ಬೆರಳಿನ ಸ್ಪಂಜು ಇತ್ತು, ಅದರ ಸುತ್ತ ಉಳಿದ ರೆಗ್ಜಿನ್ನಿನ ತುಂಡು. ಅತ್ತೆ ಹೊಸ್ತಿಲಲ್ಲಿ ನಿಂತು ಮೊದಲು ಅದನ್ನು ನೋಡಿದಳು, ಆಮೇಲೆ ಅವನನ್ನು.

"ಕೈಕಾಲ ತೊಳ್ಕೋರಿ," ಅಂದಳು. "ರೊಟ್ಟಿ ಆರಾಕತ್ತಾವು."

ಅಮಾವಾಸ್ಯೆಯ ದಿನ ಮಾವನಿಗೆ ರಜೆಯೂ ಸಿಗಲಿಲ್ಲ. ಅಳಿಯ ಆ ಗಾಡಿಯಲ್ಲಿ ಗೆಳೆಯನೊಂದಿಗೆ ಊರು ತಿರುಗುತ್ತಿದ್ದರೆ, ಸಾಹೇಬರ ಮಗಳು ಮೊಮ್ಮಕ್ಕಳನ್ನು ದೊಡ್ಡ ಕಾರಿನಲ್ಲಿ ಮಾವ ತಿರುಗಿಸಬೇಕಿತ್ತು. ಅತ್ತೆಯೂ ನಾನೂ ಆಟೋ ಹತ್ತಿದೆವು. ಪಾತ್ರೆ ನಾನು ಹಿಡಿಯುತ್ತೇನೆಂದರೂ ಅವಳು ಕೊಡಲಿಲ್ಲ. ದಾರಿಯುದ್ದಕ್ಕೂ ಪ್ರತಿ ಗುಂಡಿಗೂ ಪಾತ್ರೆಯ ಮುಚ್ಚಳವೇ ಮಾತಾಡಿತು.

ಗಾಡಿಯ ಸುದ್ದಿ ಹಿಮಾಯತ್‌ನಗರಕ್ಕೆ ಮೊದಲೇ ಮುಟ್ಟಿತ್ತು. ನಾವು ಆಟೋದಿಂದ ಇಳಿಯುವುದನ್ನೇ ಕಾಯುತ್ತಿದ್ದವರ ಹಾಗೆ ಷಡ್ಡಕ ಬಾಗಿಲಿಗೆ ಬಂದ.

"ಏನ್ರಿ ಅಕ್ಕಾರ, ಕೆಂಪ ಗಾಡಿ ಎಲ್ಲೈತ್ರಿ?"

ಅತ್ತೆ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಸೀರೆ ಕೊಡವಿಕೊಂಡಳು. "ಸಾಹೇಬರ ಅಳಿಯ ಬಂದಾರ್ರಿ. ಭಾಳ ಆಶಾ ಮಾಡಿದ್ರಂತ. ಕೊಟ್ಟಬಿಟ್ವಿ."

"ಕೊಟ್ಟಬಿಟ್ರಿ?"

"ಮನಿಗೆ ಬಂದ ಅಳಿಯಾಗ ಇಲ್ಲ ಅನ್ನಾಕ ಬರತೈತೇನ್ರಿ. ನೀವೂ ಅಳಿಯಾ ಆದವರ ಅದೀರಿ."

ಷಡ್ಡಕ ಬಾಗಿಲು ಬಿಟ್ಟು ಸರಿದ. ಯಾರೂ ನಗಲಿಲ್ಲ. ಅವಳು ಭಜ್ಜಿ ಕಲಕಲು ಸೌಟು ಕೇಳಿದಳು. ತೋಟದಲ್ಲಿ ಎಲ್ಲರೂ ಬೇಡಿ ಬೇಡಿ ಬಡಿಸಿಕೊಂಡರು, ಈ ಸಲದ ಭಜ್ಜಿಯ ಮುಂದೆ ಬೇರೆ ಇಲ್ಲ ಅಂದರು. ಬಡವರು ಕಳೆದುಕೊಂಡದ್ದನ್ನು ಕೊಟ್ಟದ್ದು ಎಂದು ಹೇಳಿಕೊಂಡೇ ತಲೆಯೆತ್ತಿ ನಡೆಯಬೇಕಾದ ಊರು ಇದು ಎಂದು ಅವತ್ತು ನನಗೆ ಅನಿಸಿತು. ಆ ಅನಿಸಿಕೆ ಇನ್ನೂ ಹೋಗಿಲ್ಲ.

ಮಾವ ಆಮೇಲೂ ವರ್ಷಗಟ್ಟಲೆ ಅದೇ ಸಾಹೇಬರ ಬಳಿ ದುಡಿದ. ಅಳಿಯ ಹೋದ ಮೇಲೆ ಕೆಂಪು ಗಾಡಿ ಮತ್ತೆ ತಾಡಪತ್ರಿಯೊಳಗೆ ಸೇರಿತು. ಅದನ್ನು ಚಾಲೂ ಮಾಡಿ ಒರೆಸಿ ಇಡುವ ಕೆಲಸವೂ ಅವನದೇ. ಬೆಕ್ಕುಗಳು ಮರಳಿ ಬಂದಿವೆ ಎಂದು ಒಂದು ದಿನ ಹೇಳಿದ, ಅಷ್ಟೇ.

ಸ್ಪಂಜಿಗೆ ಅತ್ತೆ ಆ ರೆಗ್ಜಿನ್ ತುಂಡನ್ನೇ ಸುತ್ತಿ ದಬ್ಬಣದಿಂದ ಹೊಲಿದಳು. ಹೊಸ್ತಿಲ ಬಳಿಯ ಕಟ್ಟೆಯ ಮೇಲೆ ಅದನ್ನು ಹಾಕಿ ಕೂತು ಮೆಂತ್ಯ ಸೋಸುತ್ತಿದ್ದಳು. ಆ ಎತ್ತರದಿಂದ ಏಳಲು ಅವಳಿಗೆ ಯಾರ ಕೈಯೂ ಬೇಕಾಗುತ್ತಿರಲಿಲ್ಲ. ಒಂದು ಭಾನುವಾರ ಷಡ್ಡಕ ಬಂದವನು ನೇರ ಅದರ ಮೇಲೆ ಕೂತ. ಒಂದೆರಡು ಸಲ ಒತ್ತಿ ನೋಡಿ, ಭಾಳ ಮೆತ್ತಗೈತಲ್ಲ, ಛಲೋ ಐತ್ರಿ ಅಣ್ಣಾರ ಅಂದ. ಮಾವ ನಿಮ್ಮದ ಐತ್ರಿ ಅನ್ನುವುದನ್ನೇ ನಾವೆಲ್ಲ ಕಾದೆವು. ಷಡ್ಡಕನೂ ಅದಕ್ಕೆ ಕೊಡುವ ಉತ್ತರವನ್ನು ತುಟಿಯ ಮೇಲೇ ಇಟ್ಟುಕೊಂಡಿದ್ದ.

"ಅದು ಆಕೀದ್ರಿ," ಅಂದ ಮಾವ. ಅತ್ತೆ ಒಳಗಿನಿಂದ ಮೆಂತ್ಯದ ಮೊರ ಹಿಡಿದುಕೊಂಡು ಬರುತ್ತಿದ್ದಳು. "ಏಳ್ರಿ. ಆಕಿ ಕುಂದರತಾಳ."