ಗುದ್ದಲಿ ಹಾಕಬಾರದ ಜಾಗ

ಚಿಕ್, ಚಿಕ್, ಚಿಕ್ ಎಂದು ಒಂದು ಸುತ್ತು ಹೋಗಿ, ಸರ್ರನೆ ಹಿಂದಕ್ಕೆ ತಿರುಗುತ್ತದೆ. ಮತ್ತೆ ಚಿಕ್, ಚಿಕ್. ಶುಂಠಿ ಹೊಲದ ಸ್ಪ್ರಿಂಕ್ಲರ್. ಕರೆಂಟ್ ಇರುವಷ್ಟು ಹೊತ್ತೂ ಆ ಸದ್ದು ಸುಮಿತ್ರಮ್ಮನ ಅಡುಗೆಮನೆಗೆ ಬರುತ್ತದೆ. ಹೋದ ವರ್ಷದವರೆಗೆ ಅದೇ ದಿಕ್ಕಿನಿಂದ ಬರುತ್ತಿದ್ದದ್ದು ಬೇರೆ ಸದ್ದು, ಮೇಲಿನ ಗದ್ದೆಯ ನೀರು ಬದು ಇಳಿದು ಕೆಳಗಿನ ಗದ್ದೆಗೆ ಬೀಳುವುದು. ಬೇಸಿಗೆಯಲ್ಲಿ ಅದು ನೂಲಿನಷ್ಟು ಸಣ್ಣಗಾಗುತ್ತಿತ್ತು. ನಿಂತದ್ದಿಲ್ಲ.

ಸೋಮವಾರಪೇಟೆಯ ಆಚೆ, ಎರಡು ಗುಡ್ಡಗಳ ನಡುವಿನ ಆ ಗದ್ದೆಬಯಲಿಗೆ ಸುಮಿತ್ರಮ್ಮ ಸೊಸೆಯಾಗಿ ಬಂದ ವರ್ಷ ಅತ್ತೆ ಅವರನ್ನು ಬಯಲಿನ ತುದಿಗೆ ಕರೆದೊಯ್ದಿದ್ದರು. ಅಲ್ಲೊಂದು ಕೇದಗೆ ಮೆಳೆ, ಅದರ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು. ಚೌಡಿ ಇರುವ ಜಾಗವೆಂದು ಊರಿನ ಗಂಡಸರೂ ಅಲ್ಲಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ದಾಟುತ್ತಿದ್ದರು. ಮೆಳೆಗೆ ಕತ್ತಿ ತಾಗಿಸುವಂತಿರಲಿಲ್ಲ, ನೆಲಕ್ಕೆ ಗುದ್ದಲಿ ಹಾಕುವಂತಿರಲಿಲ್ಲ. ನಾಟಿ ಮುಗಿದ ದಿನ ಉಳಿದ ಒಂದು ಹಿಡಿ ಸಸಿಯನ್ನು ಅಲ್ಲಿಟ್ಟು ಕೈಮುಗಿದು ಬರಬೇಕಿತ್ತು. ಅತ್ತೆ ಮಾತ್ರ ಸೊಸೆಯ ಕೈಯನ್ನು ಹಿಡಿದು ಕೆಸರಿನೊಳಗೆ ಒತ್ತಿದ್ದರು. ಏಪ್ರಿಲ್ ತಿಂಗಳಲ್ಲೂ ಕೈ ಜುಮ್ಮೆನ್ನುವಷ್ಟು ತಂಪು. ಇಡೀ ಬಯಲಿನ ಬಾವಿಗಳ ತಾಯಿಬೇರು ಇಲ್ಲಿದೆ, ಕೇಳಿದವರಿಗೆ ಚೌಡಿ ಅನ್ನು, ನಿನಗೆ ಗೊತ್ತಿದ್ದರೆ ಸಾಕು ಎಂದಿದ್ದರು.

ಮನೆ ಪಾಲಾದಾಗ ಆ ಮೂಲೆ ಮೈದುನನ ಕಡೆಗೆ ಹೋಯಿತು. ಚೌಡಿಯ ಜಾಗ ಯಾರಿಗೂ ಬೇಡವಾಗಿತ್ತು. ಮೈದುನನ ಮಗ ಶಿವಪ್ರಕಾಶ್ ಗದ್ದೆಯನ್ನು ಶುಂಠಿಗೆ ಕೊಡುವ ಮಾತಾಡುತ್ತಿದ್ದ, ಆದರೆ ಮೂಲೆಯ ತಂಟೆಗೆ ಹೋಗಿರಲಿಲ್ಲ. ಅದಕ್ಕೆ ತಾಗಿದ ತುಂಡಿನಲ್ಲಿ ಸುಮಿತ್ರಮ್ಮ ಭತ್ತ ಬೆಳೆಯುತ್ತ ಹೋದರು. ಲಾಭವಿಲ್ಲದ ಬೇಸಾಯವೆಂದು ಜನ ನಕ್ಕರೆ, ನಿಂತ ನೀರು ಇಂಗಲಿ ಎಂದಷ್ಟೇ ಹೇಳುತ್ತಿದ್ದರು.

ಹೋದ ಮಳೆಗಾಲ ಮುಗಿದ ಮೇಲೆ ವೀಣಾ ಎಂಬ ಹುಡುಗಿ ಬಂದಳು. ಹಾರಂಗಿ ಕಡೆಗೆ ಹರಿಯುವ ಹಳ್ಳಗಳನ್ನು ಉಳಿಸಲು ಹೊರಟ ಸಂಸ್ಥೆಯೊಂದರವಳು. ಊರಿನ ಹಿರಿಯರಿಗೆ ಗೊತ್ತಿದ್ದದ್ದನ್ನೇ ಕೇಳಿ ಯೋಜನೆ ಮಾಡುತ್ತೇವೆ ಎಂದಳು. ಶಾಲೆಯ ಜಗುಲಿಯಲ್ಲಿ ಹೆಂಗಸರು ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆದರು. ಗುಡ್ಡ, ಹಳ್ಳ, ಬಾವಿ. ಕೇದಗೆ ಮೆಳೆಯ ಹತ್ತಿರ ಸುಮಿತ್ರಮ್ಮ ಒಂದು ಚುಕ್ಕಿ ಇಟ್ಟು, ಇಲ್ಲಿ ಅಗೆಯಬಾರದು ಎಂದರು. ಯಾಕೆ ಎಂದು ವೀಣಾ ಕೇಳಿದಳು. ಅಷ್ಟು ವರ್ಷಗಳಲ್ಲಿ ಯಾರೂ ಅವರನ್ನು ಯಾಕೆ ಎಂದು ಕೇಳಿರಲಿಲ್ಲ. ಕೇಳಿದ ಸುಖಕ್ಕೆ ಸುಮಿತ್ರಮ್ಮ ಎಲ್ಲವನ್ನೂ ಹೇಳಿಬಿಟ್ಟರು, ಅತ್ತೆ ಕೈ ಒತ್ತಿದ್ದನ್ನು ಕೂಡ.

ನಕ್ಷೆ ಅಚ್ಚಾಗಿ ಪಂಚಾಯ್ತಿ ಗೋಡೆಗೆ ಬಂತು. ಕೇದಗೆ ಮೆಳೆ ಇದ್ದ ಕಡೆ ಒಂದು ನೀಲಿ ಬೊಟ್ಟು, ಪಕ್ಕದಲ್ಲಿ 'ಜಲದ ಸೆಲೆ, ಸಂರಕ್ಷಿಸಿ' ಎಂಬ ಬರಹ. ಶಿವಪ್ರಕಾಶ್ ಅದರ ಫೋಟೋ ತೆಗೆದುಕೊಂಡು ಹೋದ. ಶಿವರಾತ್ರಿ ಕಳೆಯುವಷ್ಟರಲ್ಲಿ ಗದ್ದೆ ಶುಂಠಿಯವರ ಗುತ್ತಿಗೆಗೆ ಹೋಯಿತು, ಕೇದಗೆ ಮೆಳೆಯನ್ನು ಜೆಸಿಬಿ ಕಿತ್ತುಹಾಕಿತು, ಅದೇ ಬೊಟ್ಟಿನ ಮೇಲೆ ಬೋರ್‌ವೆಲ್ ಲಾರಿ ನಿಂತಿತು. ಸುಮಿತ್ರಮ್ಮ ಓಡಿಹೋಗಿ ಅಡ್ಡ ನಿಂತರು. ಶಿವಪ್ರಕಾಶ್ ಜಗಳಕ್ಕೆ ಬರಲಿಲ್ಲ.

"ನೀವೇ ತೋರ್ಸಿದ್ದು ದೊಡ್ಡಮ್ಮ," ಎಂದ. "ಇಲ್ದಿದ್ರೆ ನೀರಿನ ಪಾಯಿಂಟ್ ನೋಡೋರ್ನ ಕರ್ಸಿ, ತೆಂಗಿನಕಾಯಿ ಹಿಡ್ಕಂಡು ಬಯಲೆಲ್ಲ ಸುತ್ಬೇಕಿತ್ತು."

ನೀರು ಆಳಿನೆತ್ತರ ಚಿಮ್ಮಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು. ಬೇಸಿಗೆ ಏರುತ್ತಿದ್ದಂತೆ ಸುಮಿತ್ರಮ್ಮನ ಗದ್ದೆ ಬಿರುಕು ಬಿಟ್ಟಿತು. ಆಮೇಲೆ ಬಯಲಿನ ಬಾವಿಗಳು ಒಂದೊಂದಾಗಿ ತಳ ಕಂಡವು. ಕೆಳಗಿನ ಮನೆಯ ಹುಚ್ಚಮ್ಮ ಬಿಂದಿಗೆ ಹೊತ್ತು ಟ್ಯಾಂಕರ್‌ಗೆ ಹೋಗುವಾಗ ಇವರ ಅಂಗಳದ ಮುಂದೆ ನಿಂತು, ನೆಲ ನೋಡಿಕೊಂಡೇ ಹೇಳಿದಳು:

"ನೀವು ಬಾಯಿ ಮುಚ್ಕಂಡಿದ್ದಿದ್ರೆ ಅಮ್ಮಾವ್ರೇ, ನನ್ ಬಾವಿ ಬಾಯಿ ಬಿಟ್ಕಂಡು ಕೂರ್ತಿರ್ಲಿಲ್ಲ."

ಸುಮಿತ್ರಮ್ಮ ಈ ವರ್ಷ ಸಸಿಮಡಿಗೆ ಬೀಜ ಹಾಕಲಿಲ್ಲ.

ಮೊನ್ನೆ ವೀಣಾ ಮತ್ತೆ ಬಂದಳು. ಕಣ್ಣು ಕೆಂಪಾಗಿತ್ತು. ತಪ್ಪಾಗಿದೆ ಎಂದಳು, ಸ್ವಂತ ಜಮೀನಿನಲ್ಲಿ ಕೊರೆದದ್ದಕ್ಕೆ ಯಾರೂ ಏನೂ ಮಾಡುವುದಿಲ್ಲವಂತೆ ಎಂದಳು. ಅದೇ ಜಗುಲಿ, ಅದೇ ರಂಗೋಲಿ ಪುಡಿ. ಇಂಥ ಸೆಲೆ ಇನ್ನೊಂದಿದ್ದರೆ ಹೇಳಿ ಅಮ್ಮ, ಈ ಸಲ ಮೊದಲು ಬೇಲಿ ಹಾಕಿಸಿ ಆಮೇಲೆ ಮಾತಾಡೋಣ ಎಂದು ಬೇಡಿಕೊಂಡಳು. ಹುಚ್ಚಮ್ಮ ಬಿಂದಿಗೆ ಪಕ್ಕಕ್ಕಿಟ್ಟು ಕಂಬಕ್ಕೆ ಒರಗಿ ಕೂತಿದ್ದಳು. ಶಿವಪ್ರಕಾಶನೂ ಬಂದಿದ್ದ. ಸಭೆ ಊರಿನದು, ಅವನನ್ನು ಹೋಗು ಎನ್ನುವಂತಿರಲಿಲ್ಲ.

ಇನ್ನೊಂದು ಇತ್ತು. ಅತ್ತೆ ಅದನ್ನೂ ತೋರಿಸಿದ್ದರು. ಸುಮಿತ್ರಮ್ಮ ಹುಚ್ಚಮ್ಮನ ಖಾಲಿ ಬಿಂದಿಗೆ ನೋಡಿದರು. ಬಾಗಿ ಹಳ್ಳದ ಗೆರೆಯನ್ನು ಗುಡ್ಡದ ಕಡೆಗೆ ಎಳೆಯತೊಡಗಿದರು. ಅರ್ಧ ಎಳೆಯುವಷ್ಟರಲ್ಲಿ ಜಗುಲಿ ಸದ್ದಡಗಿದ್ದು ಗೊತ್ತಾಯಿತು. ತಲೆ ಎತ್ತಿದರೆ ಶಿವಪ್ರಕಾಶನ ಫೋನು ನಕ್ಷೆಯ ಮೇಲೆ ಬಾಗಿತ್ತು.

ಸುಮಿತ್ರಮ್ಮ ಬೆರಳಿನ ಪುಡಿ ಕೊಡವಿಕೊಂಡರು. ಅಲ್ಲೇನಿಲ್ಲ, ಚೌಡಿ ಇದ್ದಾಳೆ ಅಷ್ಟೇ ಎಂದರು.

ಅವನು ನಕ್ಕ. "ಚೌಡೀನ ಹೋದ್ವರ್ಷ ನೀವೇ ಓಡಿಸಿದ್ರಲ್ಲ ದೊಡ್ಡಮ್ಮ."

"ಓಡ್ಸಿದ್ದು ಹೌದು ಕಣಪ್ಪ." ಅವರು ಎಳೆದ ಗೆರೆಯ ಮೇಲೆಯೇ ಕಾಲಿಟ್ಟು, ಅದನ್ನು ಅಳಿಸುತ್ತ ಮೆಟ್ಟಿಲಿಳಿದರು. ವೀಣಾ ಕರೆದರೂ ತಿರುಗಲಿಲ್ಲ, ಮಾತು ಮಾತ್ರ ಜಗುಲಿಯವರೆಗೂ ಕೇಳುತ್ತಿತ್ತು. "ಓಡಿ ಅಲ್ಲಿಗೇ ಹೋಗಿ ಕೂತವ್ಳೆ. ಈ ಸಲ ಅವಳ್ನ ಯಾರಾದ್ರೂ ಎಬ್ಸಕ್ಕೆ ಹೋದ್ರೆ, ನಾನು ತೋರ್ಸಿದ್ದು ಅನ್ನಂಗಿಲ್ಲ."