ಸೈಕಲ್ ಮೇಲಿನ ಬುತ್ತಿ

ಹೈದರಾಬಾದಿನ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಲೇಥ್ ಮುಂದೆ ನಿಂತು ಕಳೆದ ಸಿದ್ದರಾಮಪ್ಪನಿಗೆ, ತಾನಿನ್ನೂ ಮುದುಕನಾಗಿಲ್ಲ ಎಂದು ಲೋಕಕ್ಕೆ ತೋರಿಸುವ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ಹುಚ್ಚು ಹತ್ತಿಸಿದವನು ಮಹಡಿಯ ಮೇಲೆ ಬಾಡಿಗೆಗಿದ್ದ ಸಾಫ್ಟ್‌ವೇರ್ ಹುಡುಗ ವೈಭವ. ಹೈಟೆಕ್ ಸಿಟಿಯಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ವೈಭವನಿಗೆ ಕಾರು ಬಂತು. ಅವನ ಗೇರಿನ ಸೈಕಲ್ಲು, ಹೆಲ್ಮೆಟ್ಟು, ಕಪ್ಪು ಕನ್ನಡಕ ಕೆಳಮನೆಗೆ ಇಳಿದವು. "ಅಂಕಲ್, ನಿಮ್ಮ ಕೈಲಿ ಇದು ಆಗೋದಿಲ್ಲ, ಯಾರಿಗಾದರೂ ಕೊಟ್ಟುಬಿಡ್ರಿ" ಅಂದ ಹುಡುಗ. ಆಗೋದಿಲ್ಲ ಅನ್ನುವ ಒಂದು ಮಾತು ಸಾಕಾಯಿತು.

ಅಷ್ಟರಲ್ಲಿ ಮಗಳ ಫೋನು ಬಂತು. ಸುವರ್ಣಾ ಅವನಿಗೆ ಒಬ್ಬಳೇ ಮಗಳು. ಮಂಜೀರಾ ನದಿಯಾಚೆ, ನಾರಾಯಣಖೇಡದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಈಗ ಐದು ತಿಂಗಳ ಬಸುರಿ, ಅವ್ವನ ಕೈಯ ಹೋಳಿಗೆ ತಿನ್ನಬೇಕೆನಿಸಿದೆ ಅಂದಳು. ಬಸುರಿಯ ಬಯಕೆಗೆ ತವರಿನಿಂದ ಬುತ್ತಿ ಹೋಗಬೇಕು, ಬೀಗಿತಿ ಅದನ್ನು ಓಣಿಗೆಲ್ಲ ಹಂಚಬೇಕು. ಬುತ್ತಿಯಲ್ಲಿ ಕೊರತೆಯಾದರೆ ವರ್ಷಗಟ್ಟಲೆ ಮಾತು ಕೇಳುವವಳು ಮಗಳು. ಹೆಂಡತಿ ಶಿವದೇವಿಯ ಮೊಣಕಾಲು ಬಾತಿದ್ದರಿಂದ ಅವಳು ಹೊರಡುವಂತಿರಲಿಲ್ಲ.

"ನಾ ಒಯ್ತೀನಿ, ಸೈಕಲ್ ಮ್ಯಾಲ" ಅಂದ ಸಿದ್ದರಾಮಪ್ಪ.

"ಯಾಕ್ರಿ, ಬಸ್ಸು ಬಂದ್ ಆಗ್ಯಾವೇನು?" ಅಂದಳು ಶಿವದೇವಿ. "ನೂರು ಕಿಲೋಮೀಟರಿಗಿಂತ ಹೆಚ್ಚಿಗಿ ಐತಿ. ಹಳೀ ಸೈಕಲ್ ಮ್ಯಾಲ ಕಿರಾಣಿ ಅಂಗಡಿಗೆ ಹೋಗಿ ಬಂದ್ರ ತೇಕತೀರಿ."

"ಆ ಸೈಕಲ್ಲಿಗೆ ಗೇರ್ ಇರಲಿಲ್ಲ."

ಶಿವದೇವಿ ಹಣೆ ಬಡಿದುಕೊಂಡು ದೊಡ್ಡ ಸ್ಟೀಲ್ ಡಬ್ಬಿ ತುಂಬಿದಳು: ಹೋಳಿಗೆ, ಕರಿಗಡಬು, ಸಜ್ಜಿ ರೊಟ್ಟಿ, ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ. ಅದನ್ನು ಕ್ಯಾರಿಯರಿಗೆ ಬಿಗಿದರು. ಗಂಡನ ಊಟಕ್ಕೆ ಅವನ ಹಳೆಯ ಡ್ಯೂಟಿ ಡಬ್ಬಿಯಲ್ಲಿ ರೊಟ್ಟಿ ಮತ್ತು ಹಿಂಡಿ ಹಾಕಿ ಹ್ಯಾಂಡಲಿಗೆ ತೂಗುಬಿಟ್ಟಳು. ಆ ಡಬ್ಬಿಗೊಂದು ಕಥೆಯುಂಟು. ಸುವರ್ಣಾ ಚಿಕ್ಕವಳಿದ್ದಾಗ ಅಪ್ಪ ಕಾರ್ಖಾನೆಯಿಂದ ಬಂದ ಕೂಡಲೇ ಅದನ್ನು ಕಸಿದುಕೊಂಡು ಮುಚ್ಚಳ ತೆಗೆಯುತ್ತಿದ್ದಳು. ಅವಳಿಗಾಗಿ ಅರ್ಧ ರೊಟ್ಟಿ ಉಳಿಸಿ ತರುವುದು ರೂಢಿಯಾಯಿತು. ಮಗಳು ಗಂಡನ ಮನೆಗೆ ಹೋದರೂ ರೂಢಿ ಹೋಗಲಿಲ್ಲ. "ಇನ್ನ ಯಾರ ಸಲುವಾಗಿ ಉಳಸ್ತೀರಿ?" ಎಂದು ಶಿವದೇವಿ ದಿನಾ ಬೈದು ಡಬ್ಬಿ ತೊಳೆಯುತ್ತಿದ್ದಳು.

ಹೆಲ್ಮೆಟ್ಟು, ಕಪ್ಪು ಕನ್ನಡಕ ಏರಿಸಿ ನಸುಕಿನಲ್ಲಿ ಹೊರಟಾಗ ಸಿದ್ದರಾಮಪ್ಪ ಹುಲಿ. ಬಿಸಿಲೇರುವ ಹೊತ್ತಿಗೆ ನರಸಾಪುರದ ಕಾಡು ಮುಟ್ಟಿ, ಮಧ್ಯಾಹ್ನದ ಊಟವನ್ನು ಅಲ್ಲೇ ಮುಗಿಸಿಬಿಟ್ಟ. ಅಲ್ಲಿಂದ ಮುಂದೆ ಹುಲಿ ಇಲಿಯಾಯಿತು. ಹಾಲಿನ ಕ್ಯಾನು ಕಟ್ಟಿಕೊಂಡ ಅಜ್ಜನೊಬ್ಬ ಗೇರಿಲ್ಲದ ಸೈಕಲ್ಲಿನ ಮೇಲೆ ಬೀಡಿ ಸೇದುತ್ತಾ ಅವನನ್ನು ದಾಟಿ ಹೋದ. ಜನ್ಮವಿಡೀ ಗೇರು ಕಡೆದ ಮನುಷ್ಯನಿಗೆ ಈ ಸೈಕಲ್ಲಿನ ಗೇರು ಮಾತ್ರ ಬಗ್ಗಲಿಲ್ಲ. ಏರು ಬಂದಾಗ ಇಳಿದು ತಳ್ಳಿದ, ಇಳಿಜಾರು ಬಂದಾಗ ಹೆದರಿ ಇಳಿದು ತಳ್ಳಿದ.

ಜೋಗಿಪೇಟೆ ದಾಟಿದ ಮೇಲೆ ಒಳದಾರಿ ಹಿಡಿದ. ಎರಡೂ ಕಡೆ ಹತ್ತಿ ಹೊಲ, ಕಣ್ಣು ಹಾಯಿಸಿದಷ್ಟೂ ಒಂದು ಚಹಾದಂಗಡಿಯಿಲ್ಲ, ನೆರಳಿಲ್ಲ, ಮಾತಾಡಿಸಲು ಒಂದು ನರಪಿಳ್ಳೆಯಿಲ್ಲ. ಹೊಟ್ಟೆ ಕೂಗತೊಡಗಿತು. ಬೆನ್ನ ಹಿಂದೆಯೇ ಹೋಳಿಗೆಯ ತುಪ್ಪದ ವಾಸನೆ. ಕಡೆಗೊಂದು ಸಣ್ಣ ಹಳ್ಳಿಯ ಬೇವಿನ ಕಟ್ಟೆಯ ಮುಂದೆ ಸೈಕಲ್ಲು ನಿಲ್ಲಿಸಲು ಹೋಗಿ ಸೈಕಲ್ಲಿನ ಸಮೇತ ಮಲಗಿದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಕನ್ನಡಕ ಸರಿಪಡಿಸಿಕೊಂಡು ಬೇಕೆಂದೇ ಇಳಿದವನಂತೆ ಎದ್ದು ನಿಂತ.

ಕಟ್ಟೆಯ ಮೇಲಿದ್ದ ನಾಲ್ಕಾರು ಜನ ಎದ್ದು ಬಂದರು. ಹೈದರಾಬಾದಿನ ಸುತ್ತ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದವು. ಕಪ್ಪು ಕನ್ನಡಕದವನು ಬಂದನೆಂದರೆ ಭೂಮಿ ಕೊಳ್ಳುವವನೇ. "ಜಾಗ ಚೂಡನೀಕೆ ಒಚ್ಚಿನ್ರಾ ಸಾರ್?" ಎಂದು ಒಬ್ಬ ಕೇಳಿಯೇಬಿಟ್ಟ. ಜಾಗ ನೋಡಲು ಬಂದಿರಾ ಅಂತ. ಇಲ್ಲಪ್ಪಾ, ಮಗಳ ಮನೆಗೆ ಹೊರಟಿದ್ದೇನೆ ಎಂದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಜೀವಮಾನದಲ್ಲಿ ಯಾರೂ ಅವನನ್ನು ಸಾರ್ ಅಂದಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಾಯಿತು. ಗದ್ದ ಹಿಡಿದು ದಿಗಂತದತ್ತ ನೋಡಿ, "ಚೂದ್ದಾಂ" ಅಂದ. ನೋಡೋಣ ಅಂತ.

ಕೂರಲು ಹೊರಸು ಬಂತು, ಕುಡಿಯಲು ತಣ್ಣೀರು ಬಂತು. ಊಟ ಮಾತ್ರ ಬರಲಿಲ್ಲ. ಒಂದೇ ಒಂದು ಹೋಳಿಗೆ ತಿಂದರೆ ಯಾರಿಗೆ ಗೊತ್ತಾಗುತ್ತದೆ ಎಂದು ದೊಡ್ಡ ಡಬ್ಬಿ ತೆರೆದ. ಎದುರಿಗೆ ಜನ ಕೂತಿರುವಾಗ ಒಬ್ಬನೇ ತಿನ್ನುವುದು ಅವರ ಮನೆತನದಲ್ಲಿಲ್ಲ. ಬರ್ರಿ ಊಟಕ್ಕ ಅನ್ನಬೇಕು. ಆತು, ನೀವು ಮಾಡ್ರಿ ಎಂದು ಎದುರಿನವರು ಕೈ ಮುಗಿಯಬೇಕು. ಅಲ್ಲಿಗೆ ಎರಡೂ ಕಡೆಯ ಮರ್ಯಾದೆ ಉಳಿಯುತ್ತದೆ. "ರಾಂಡ್ರಿ, ತಿನಂಡ್ರಿ" ಎಂದು ಸಿದ್ದರಾಮಪ್ಪ ತೆಲುಗಿನಲ್ಲಿ ಮರ್ಯಾದೆ ಮಾಡಿದ.

ಅವರು ಬಂದರು, ತಿಂದರು. ಭೂಮಿ ಕೊಳ್ಳುವ ಸಾಹುಕಾರ ಸಿಹಿ ಹಂಚುತ್ತಿದ್ದಾನೆ ಎಂದು ಸುದ್ದಿಯಾಗಿ, ಹೊಲದಲ್ಲಿದ್ದವರೂ ಬಂದರು. ಒಬ್ಬಾಕೆ ಮನೆಯಲ್ಲಿದ್ದ ಅತ್ತೆಗೆಂದು ಸೆರಗಿನಲ್ಲಿ ಎರಡು ಕರಿಗಡಬು ಕಟ್ಟಿಕೊಂಡಳು. ಸಿದ್ದರಾಮಪ್ಪ ನಗುನಗುತ್ತಾ ಹಂಚಿದ, ಒಳಗೊಳಗೇ ಬೆವರಿದ. ಡಬ್ಬಿಯ ತಳ ಕಂಡಾಗ ಅವನ ಪಾಲಿಗೆ ಬಂದದ್ದು ಅದೇ ಒಂದು ಹೋಳಿಗೆ.

ಉಳಿದ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಬಾಯಿಗೆ ಬಂದ ಬೈಗುಳವೆಲ್ಲ ತೀರಿದ ಮೇಲೆ ಶಿವದೇವಿಯ ಬೈಗುಳಗಳನ್ನು ನೆನೆಸಿಕೊಂಡು ಬೈದುಕೊಂಡ. ಮಂಜೀರಾ ಸೇತುವೆಯ ಮೇಲೆ ನಿಂತು ವಾಪಸು ಹೋಗಿಬಿಡಲೇ ಎಂದೂ ಯೋಚಿಸಿದ. ಹೋಗಲು ಕಾಲಿನಲ್ಲಿ ಶಕ್ತಿಯಿರಲಿಲ್ಲ, ಆದ್ದರಿಂದ ಮುಂದೆ ಹೋದ.

ಹೊತ್ತು ಮುಳುಗುವಾಗ ಮಗಳ ಮನೆ ಮುಟ್ಟಿದ. ಬೀಗಿತಿ ಗದಿಗೆಮ್ಮ ಓಣಿಯ ಹೆಂಗಸರನ್ನೆಲ್ಲ ಆಗಲೇ ಕರೆಸಿ ಅಂಗಳದಲ್ಲಿ ಕೂರಿಸಿದ್ದಳು. "ಬರ್ರಿ ಬೀಗರ" ಎಂದು ತಾನೇ ಹೋಗಿ ಕ್ಯಾರಿಯರಿನ ಡಬ್ಬಿ ಎತ್ತಿಕೊಂಡಳು. ಅದು ಹಗುರಾಗಿ ಮೇಲೆದ್ದಿತು. ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಬೀಗರ ಮುಖ ನೋಡಿದಳು.

ಸಿದ್ದರಾಮಪ್ಪ ಒಂದನ್ನೂ ಮುಚ್ಚಿಡದೆ ಹೇಳಿದ. ಕನ್ನಡಕ, ಸಾರ್ ಅಂದದ್ದು, ಗದ್ದ ಹಿಡಿದದ್ದು, ಎಲ್ಲ. ಯಾರೂ ನಗಲಿಲ್ಲ. ಮಗಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

ಸುವರ್ಣಾ ಸೈಕಲ್ಲಿನ ಹತ್ತಿರ ಹೋದಳು. ಹ್ಯಾಂಡಲಿನ ಡ್ಯೂಟಿ ಡಬ್ಬಿ ಬಿಚ್ಚಿಕೊಂಡು, ಮುಚ್ಚಳ ತೆಗೆದಳು. ಅರ್ಧ ರೊಟ್ಟಿಯಿತ್ತು. ರೂಢಿಯಂತೆ ಕೈ ತಾನಾಗಿ ಉಳಿಸಿದ್ದ ಅದು, ದಾರಿಯ ಹಸಿವೆಯಲ್ಲಿ ಅವನ ನೆನಪಿಗೇ ಬಂದಿರಲಿಲ್ಲ. ಬಿಸಿಲಿಗೆ ಒಣಗಿ, ಹಿಂಡಿಯ ಎಣ್ಣೆ ಕುಡಿದು ಕೆಂಪಗಾಗಿದ್ದ ಅದನ್ನು ಅವಳು ನಿಂತಲ್ಲೇ ತಿಂದಳು. ಡಬ್ಬಿಯ ಮೂಲೆಗೆ ಅಂಟಿದ್ದ ಹಿಂಡಿಯನ್ನೂ ಬೆರಳಿನಿಂದ ಬಳಿದು ನೆಕ್ಕಿದಳು.

"ನನಗ ಬಯಕಿ ಆಗಿದ್ದು ಇದ ಅಪ್ಪಾ" ಅಂದಳು. "ಒಣಾ ರೊಟ್ಟಿ ತುಂಡು ಬೇಕು ಅಂತ ಹ್ಯಾಂಗ ಹೇಳ್ಲಿ? ಅದಕ್ಕ ಹೋಳಿಗಿ ಅಂದೆ."

ಗದಿಗೆಮ್ಮ ಖಾಲಿ ಡಬ್ಬಿಯನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಹಂಚೋದು ನನ್ನ ಕೆಲಸ ಇತ್ರಿ ಬೀಗರ. ನೀವು ದಾರ್ಯಾಗ ಹಂಚಿ ಬಂದ್ರಿ, ನನ್ನ ಕೈ ಉಳೀತು. ಕೂಡ್ರಿ, ಮದ್ಲ ಉಣ್ರಿ."

ಒಳಗಿನಿಂದ ಸುವರ್ಣಾ ತಾಯಿಗೆ ಫೋನು ಮಾಡುತ್ತಿದ್ದುದು ಅಂಗಳಕ್ಕೆ ಕೇಳಿಸಿತು. "ಬುತ್ತಿ ಮುಟ್ಟಿತವ್ವಾ. ಅಪ್ಪನೂ ಮುಟ್ಯಾನ." ಸಿದ್ದರಾಮಪ್ಪನಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗಲೇ ಕನ್ನಡಕ, ಹೆಲ್ಮೆಟ್ಟು ಎರಡೂ ಇನ್ನೂ ಹಾಕಿಕೊಂಡೇ ಇದ್ದುದು ಅವನಿಗೆ ಗೊತ್ತಾಯಿತು.